ಐದನೇ ಪೊಟ್ಟಣದ ಹುಳು

ನಾನು ನಿವೃತ್ತನಾದ ದಿನ ಕಚೇರಿಯಲ್ಲಿ ಸಣ್ಣದೊಂದು ಬೀಳ್ಕೊಡುಗೆ ಇಟ್ಟಿದ್ದರು. ಶಾಲು ಹೊದಿಸಿದರು, ಹಾರ ಹಾಕಿದರು. ಮಾತಾಡಿದವರೆಲ್ಲ ಒಂದೇ ಮಾತು ಹೇಳಿದರು: “ಇನ್ನಾಸಪ್ಪನವರು ಒಳ್ಳೆಯ ಮನುಷ್ಯ.” ಕೇಳುತ್ತ ಕೇಳುತ್ತ ನನಗೆ ಕುರ್ಚಿಯಲ್ಲಿ ನೆಟ್ಟಗೆ ಕೂರಲಾಗಲಿಲ್ಲ. ಆ ಒಳ್ಳೆಯತನ ಕಲಿಯಲು ನಾನು ಯಾರ ಮನೆ ಹುಳು ಸುಟ್ಟಿದ್ದೆ, ಯಾರ ಮಾನ ಕಳೆದಿದ್ದೆ ಎನ್ನುವುದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರಿಗೆ ಅದು ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆಗಳ ಕಥೆ ಇದರಲ್ಲಿ ಇಲ್ಲ. ಅವು ಎಲ್ಲರಿಗೂ ಆಗುತ್ತವೆ.

ನಾನು ರೇಷ್ಮೆ ಪ್ರದರ್ಶಕನಾಗಿ ಕೆಲಸಕ್ಕೆ ಸೇರಿದವನು. ಹುಳು ಸಾಕುವ ಮನೆಗಳಿಗೆ ಹೋಗಿ ಹುಳು ನೋಡಬೇಕು, ಸೊಪ್ಪು ನೋಡಬೇಕು, ರೋಗ ಇದ್ದರೆ ಹೇಳಬೇಕು, ಹೊಸ ವಿಧಾನ ಬಂದರೆ ಕಲಿಸಬೇಕು. ಇಷ್ಟೇ ಕೆಲಸ. ಸೇರಿದ ಕಾಲಕ್ಕೆ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಊಜಿ ನೊಣ ಇನ್ನೂ ನಮ್ಮ ಕಡೆಗೆ ಬಂದಿರಲಿಲ್ಲ. ಈಗಿನ ಹಾಗೆ ಹುಳುವಿಗೆಂದೇ ಬೇರೆ ಮನೆ ಕಟ್ಟುವುದು, ರೆಂಬೆ ಸಮೇತ ಸೊಪ್ಪು ಹಾಸುವುದು, ಹುಳು ಗೂಡು ಕಟ್ಟಲು ಪ್ಲಾಸ್ಟಿಕ್ ಚಂದ್ರಿಕೆ, ಇವೊಂದೂ ಇರಲಿಲ್ಲ. ಜನ ಮಲಗುವ ನಡುಮನೆಯಲ್ಲೇ ಬಿದಿರಿನ ತಟ್ಟೆಗಳನ್ನು ಅಟ್ಟದಂತೆ ಒಂದರ ಮೇಲೊಂದು ಜೋಡಿಸುತ್ತಿದ್ದರು. ನಾಲ್ಕನೇ ಜ್ವರ ಎದ್ದ ಹುಳು, ಅಂದರೆ ನಾಲ್ಕು ಸಾರಿ ಪೊರೆ ಬಿಟ್ಟ ದೊಡ್ಡ ಹುಳು, ಸೊಪ್ಪು ತಿನ್ನುವ ಸದ್ದು ಬೀದಿಗೆ ಕೇಳುತ್ತಿತ್ತು. ಹೆಂಗಸರು ಹುಳುವಿನ ಪಕ್ಕದಲ್ಲೇ ಮಗುವನ್ನು ಮಲಗಿಸಿ ಸೊಪ್ಪು ಹೆಚ್ಚುತ್ತಿದ್ದರು. ಈಗಿನವರಿಗೆ ರೈತರು ಮೊಬೈಲಿನಲ್ಲೇ ಹುಳುವಿನ ಫೋಟೋ ಕಳಿಸುತ್ತಾರೆ. ನಾವು ಸೈಕಲ್ ತುಳಿಯುತ್ತಿದ್ದೆವು.

ನನ್ನ ಊರು ಸಾತನೂರಿನ ಆಚೆ. ನಮ್ಮದು ತಲೆಮಾರುಗಳಿಂದ ಕ್ರೈಸ್ತ ಮನೆತನ. ಅವ್ವ ಲೂರ್ದಮ್ಮ ಓದಿದವಳಲ್ಲ. ದೀಪ ಹಚ್ಚುವ ಹೊತ್ತಿಗೆ ಜಪಸರ ಮುಗಿಸಿ ನಮ್ಮನ್ನೆಲ್ಲ ಸಾಲಾಗಿ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳುತ್ತಿದ್ದಳು: “ಇವತ್ತು ಯಾರ್ಗೆ ಒಳ್ಳೇದು ಮಾಡ್ಬೋದಿತ್ತು, ಮಾಡ್ದೆ ಬುಟ್ಟೆ?” ಏನು ತಪ್ಪು ಮಾಡಿದೆ ಎಂದು ಕೇಳಿದ್ದರೆ ಉತ್ತರ ಸುಲಭ, ಕದ್ದಿಲ್ಲ, ಬೈದಿಲ್ಲ ಎನ್ನಬಹುದು. ಮಾಡದೆ ಬಿಟ್ಟದ್ದನ್ನು ಹುಡುಕಿ ಹೇಳುವುದು ಕಷ್ಟ. ಯೇಸುಸ್ವಾಮಿ ಕೊನೆಗೆ ಕೇಳುವುದು ಇದೊಂದನ್ನೇ ಎಂದು ಅವಳು ನಂಬಿದ್ದಳು. ಕೆಲಸ ಸಿಕ್ಕಿ ಮಾಗಡಿಯಲ್ಲಿ ಬಾಡಿಗೆ ಕೋಣೆ ಹಿಡಿದ ಮೇಲೆ ಜಪ ಮಾಡುತ್ತಿದ್ದೆ, ಆ ಪ್ರಶ್ನೆ ಮಾತ್ರ ಬಿಟ್ಟುಬಿಟ್ಟೆ.

ಬಿಡಲು ಕಾರಣ ಜಂಬ. ಹಳ್ಳಿಗಳಲ್ಲಿ ನನ್ನನ್ನು “ಕಿರಸ್ತಾನರ ಮೇಷ್ಟ್ರು” ಅನ್ನುತ್ತಿದ್ದರು. ನಮ್ಮ ಧರ್ಮದ ಹೆಸರು ನನ್ನ ತಲೆಯ ಮೇಲೆ ಕೂತಿದೆ, ಅದಕ್ಕೆ ಒಂದು ಚುಕ್ಕೆಯೂ ಬೀಳಬಾರದು ಎಂದುಕೊಂಡಿದ್ದೆ. ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದೆ, ನಿಯಮ ಬಿಟ್ಟು ಅತ್ತಿತ್ತ ಕದಲುತ್ತಿರಲಿಲ್ಲ. ಯಾರಾದರೂ ತಟ್ಟೆ ಕೊಳಕಾಗಿಟ್ಟುಕೊಂಡಿದ್ದರೆ ನಾಲ್ಕು ಜನರ ಮುಂದೆಯೇ ಹೇಳುತ್ತಿದ್ದೆ. ಒಳ್ಳೆಯವನೆಂದರೆ ತಪ್ಪು ಮಾಡದವನು ಎಂದು ತಿಳಿದಿದ್ದೆ.

ಮಾಗಡಿ ಕಡೆಯ ಹಳ್ಳಿಗಳು ಬಿತ್ತನೆ ಗೂಡು ಬೆಳೆಯುವ ಜಾಗ. ಬೇರೆ ಕಡೆ ಬೆಳೆದ ಗೂಡು ನೂಲು ತೆಗೆಯಲು ಹೋಗುತ್ತದೆ. ಇಲ್ಲಿನ ಗೂಡು ಬಿತ್ತನೆ ಕೋಠಿಗೆ ಹೋಗಿ, ಅಲ್ಲಿ ಚಿಟ್ಟೆಯಾಗಿ ಮೊಟ್ಟೆಯಿಟ್ಟು, ಆ ಮೊಟ್ಟೆ ನೂರಾರು ಮನೆಗಳಿಗೆ ಹಂಚಿಹೋಗುತ್ತದೆ. ಹಾಗಾಗಿ ಇಲ್ಲಿನ ಹುಳುವಿಗೆ ಗಂಟುರೋಗ ಬರಬಾರದು. ಅದು ತಾಯಿ ಚಿಟ್ಟೆಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ಇಳಿಯುವ ರೋಗ. ಸೂಕ್ಷ್ಮದರ್ಶಕದಲ್ಲಿ ಅದರ ಕಣ ಕಂಡರೆ ಆ ಮನೆಯ ಹುಳುವನ್ನೆಲ್ಲ ಸುಡಬೇಕು. ಬೇರೆ ದಾರಿಯಿಲ್ಲ. ಹುಳು ಹಣ್ಣಾಗಿ ಗೂಡು ಕಟ್ಟುವ ಕೆಲವು ದಿನ ಮುಂಚೆ ಮನೆಮನೆಗೆ ಹೋಗಿ, ಸೊರಗಿದ ಹುಳುಗಳನ್ನು, ಇಲ್ಲದಿದ್ದರೆ ಕೈಗೆ ಸಿಕ್ಕ ಕೆಲವನ್ನು, ಕಾಗದದ ಪೊಟ್ಟಣದಲ್ಲಿ ತಂದು, ಅರೆದು, ಗಾಜಿನ ಮೇಲೆ ಸವರಿ ನೋಡುವುದು ನನ್ನ ಕೆಲಸ.

ಒಂದು ಹಳ್ಳಿಯಲ್ಲಿ ಒಂದೇ ಬೀದಿಯಲ್ಲಿ ನನಗೆ ಆರು ಮನೆಗಳಿದ್ದವು. ನಾಲ್ಕನೆಯದು ನಂಜೇಗೌಡರದು. ಐದನೆಯದು ಗಂಗಮ್ಮನದು. ಗಂಗಮ್ಮ ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಬೇಸಾಯ, ಹುಳು ಎರಡನ್ನೂ ನಡೆಸುತ್ತಿದ್ದ ಹೆಂಗಸು. ಆ ಬೀದಿಯಲ್ಲಿ ಅವಳ ಮನೆಯಷ್ಟು ಚೊಕ್ಕಟವಾದ ಹುಳುವಿನ ಮನೆ ಇನ್ನೊಂದಿರಲಿಲ್ಲ.

ನಿಯಮದ ಪ್ರಕಾರ ಆಯಾ ಮನೆಯ ಬಾಗಿಲಲ್ಲಿ ನಿಂತೇ ಪೊಟ್ಟಣದ ಮೇಲೆ ಹೆಸರು ಬರೆಯಬೇಕು. ನಾನು ಹೊತ್ತು ಉಳಿಸಲು ಕಚೇರಿಯಲ್ಲೇ ಒಂದರಿಂದ ಆರರವರೆಗೆ ನಂಬರು ಬರೆದು ಒಯ್ಯುತ್ತಿದ್ದೆ. ಮನೆಗಳ ಸಾಲು ನನಗೆ ಬಾಯಿಪಾಠ. ನಿಯಮ ನಿಯಮ ಎನ್ನುತ್ತಿದ್ದವನು ಈ ಒಂದು ಕಡೆ ನಿಯಮ ಮೀರಿದ್ದೆ, ಅದು ತಪ್ಪೆಂದು ಅನ್ನಿಸಿಯೂ ಇರಲಿಲ್ಲ.

ಆ ಸಾರಿ ಐದನೇ ಪೊಟ್ಟಣದಲ್ಲಿ ಗಂಟುರೋಗ ಕಂಡಿತು. ಕಿಟಕಿಯ ಬೆಳಕಿಗೆ ಕನ್ನಡಿ ತಿರುಗಿಸಿಕೊಂಡು ನೋಡುವ ಹಳೇ ಕಾಲದ ಸೂಕ್ಷ್ಮದರ್ಶಕ ಅದು. ಮೊಟ್ಟೆಯಾಕಾರದ ಹೊಳೆಯುವ ಕಣಗಳು ತುಂಬಿದ್ದವು. ಅನುಮಾನವೇ ಇರಲಿಲ್ಲ. ಮರುದಿನ ಬೆಳಿಗ್ಗೆ ಗಂಗಮ್ಮನ ಮನೆಗೆ ಹೋಗಿ ಹೇಳಿದೆ.

ಅವಳು ಸೊಪ್ಪು ಹಾಕುತ್ತಿದ್ದಳು. ಕೈಯಲ್ಲಿದ್ದ ಸೊಪ್ಪು ಹಾಗೇ ಹಿಡಿದುಕೊಂಡು ನಿಂತಳು.

“ನಮ್ ಹುಳ್ವಾ? ಇಲ್ಲ ಕಣಪ್ಪ. ನೋಡಿ ಬೇಕಾರೆ, ಎಂಗ್ ಮೇಯ್ತಾವೆ. ಒಂದೂ ಸೊರಗಿಲ್ಲ.”

“ಕಣ್ಣಿಗೆ ಕಾಣೋ ರೋಗ ಅಲ್ಲಮ್ಮ ಅದು. ಪರೀಕ್ಷೆಯಲ್ಲಿ ಬಂದಿದೆ.”

“ಅಂಗಾರೆ ಇನ್ನೊಂದ್ಸಾರಿ ನೋಡಿ ಸಾಮಿ. ಈಗ್ಲೇ ಹುಳ ಕೊಡ್ತೀನಿ, ತಕ್ಕೊಂಡೋಗಿ ನೋಡಿ. ಸಂಜೆ ಗಂಟ ಕಾಯ್ತೀನಿ.”

ಅದು ನ್ಯಾಯವಾದ ಮಾತು. ಅವಳ ಹುಳು ತಂದು ಮತ್ತೆ ಅರೆದು ನೋಡಲು ನನಗೆ ಅರ್ಧ ದಿನ ಸಾಕಿತ್ತು. ಆದರೆ ನಾನು ನೋಡಿದ್ದೇ ತಪ್ಪೆಂದು ಈ ಹೆಂಗಸು ಹೇಳುತ್ತಿದ್ದಾಳಲ್ಲ ಎಂದು ಸಿಟ್ಟು ಬಂತು. “ಎಲ್ಲರೂ ಹೀಗೇ ಅಂತಾರಮ್ಮ. ಒಬ್ಬರಿಗೊಂದು ನಿಯಮ ಮಾಡಕ್ಕಾಗಲ್ಲ” ಎಂದುಬಿಟ್ಟೆ. ಹಿತ್ತಲಲ್ಲಿ ಗುಂಡಿ ತೆಗೆಸಿ, ಹುಳು ಸುರಿಸಿ, ಬೆಂಕಿ ಹಾಕಿಸಿದೆ. ಅವಳ ದೊಡ್ಡ ಮಗಳು ತಟ್ಟೆ ತಂದು ತಂದು ಸುರಿದಳು. ಗಂಗಮ್ಮ ಹೊರಗೆ ಬರಲೇ ಇಲ್ಲ. ಹೊರಡುವಾಗ ನೋಡಿದರೆ ಖಾಲಿ ಅಟ್ಟದ ಮುಂದೆ ಕೂತು ಮಿಕ್ಕ ಸೊಪ್ಪನ್ನು ಕಂತೆ ಕಟ್ಟುತ್ತಿದ್ದಳು.

ಹತ್ತು ದಿನ ಕಳೆದಿರಬೇಕು. ಆ ಊರಿನ ಬಸ್ ನಿಲ್ದಾಣದಲ್ಲಿ ನಂಜೇಗೌಡರು ಸಿಕ್ಕಿದರು. ಹಿಂದಿನ ದಿನ ತಾನೇ ಗೂಡು ಕೋಠಿಗೆ ಒಯ್ದು ಕೊಟ್ಟು ಬಂದಿದ್ದರು. ಮುಖದ ತುಂಬ ನಗು.

“ಈ ಸಾರಿ ಗೂಡು ಒಸಿ ಚೆನ್ನಾಗೇ ಆಯ್ತು ಮೇಷ್ಟ್ರೇ. ನಿಮ್ಮದೂ ಉಪ್ಕಾರ ಐತೆ. ಅವತ್ತು ನೀವು ಬಂದಾಗ ನಾನು ತ್ವಾಟದಲ್ಲಿದ್ದೆ, ಮನೆ ಬೀಗ ಹಾಕಿತ್ತು. ಬುಟ್ಟು ಹೋಗ್ದೆ ಗಂಗಮ್ಮನ ಮನೆ ಮುಗಿಸ್ಕಂಡು ವಾಪಸ್ ಬಂದ್ರಲ್ಲ. ಬ್ಯಾರೆ ಯಾರಾಗಿದ್ರೂ ಬತ್ತಿರ್ಲಿಲ್ಲ.”

ನಾನು ಏನೋ ಹೇಳಿ ನಕ್ಕೆ. ಆಮೇಲೆ ಅವತ್ತಿನ ಪೊಟ್ಟಣಗಳ ಲೆಕ್ಕ ಹಾಕಿದೆ. ಅವತ್ತು ಅವರ ಮನೆ ಬೀಗ ಹಾಕಿತ್ತು, ಹೌದು. ಗಂಗಮ್ಮನ ಮನೆಗೆ ಮೊದಲು ಹೋಗಿದ್ದೆ, ಹೌದು. ಕೈಗೆ ಸಿಕ್ಕ ಮುಂದಿನ ಪೊಟ್ಟಣಕ್ಕೆ ಅವಳ ಹುಳು ಹಾಕಿದ್ದೆ. ಅದರ ಮೇಲೆ ನಾಲ್ಕು ಎಂದು ಬರೆದಿತ್ತು. ವಾಪಸು ಬಂದು ನಂಜೇಗೌಡರ ಹುಳುವನ್ನು ಐದನೆಯದಕ್ಕೆ ಹಾಕಿದ್ದೆ. ಸುಟ್ಟದ್ದು ಚೆನ್ನಾಗಿದ್ದ ಹುಳು. ರೋಗದ ಹುಳು ಗೂಡು ಕಟ್ಟಿ ಕೋಠಿ ಸೇರಿತ್ತು.

ನಿಜವನ್ನು ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. “ಗೂಡು ಕಟ್ಟದೆ ಉಳಿದ ಹುಳು ಇದ್ದರೆ ಕೊಡಿ ಗೌಡ್ರೇ, ಏನೋ ನೋಡಬೇಕು” ಎಂದು ಅವರ ಮನೆಗೆ ಹೋಗಿ ನಾಲ್ಕಾರು ಹುಳು ತಂದೆ. ಅವರು ಸಂತೋಷವಾಗಿ ಕೊಟ್ಟರು. ಕಚೇರಿಗೆ ಬಂದು ನೋಡಿದರೆ ಅದೇ ಹೊಳೆಯುವ ಕಣಗಳು.

ನಮ್ಮ ಸಾಹೇಬರು ಕೆಟ್ಟವರಲ್ಲ. ತಾಳ್ಮೆಯ ಮನುಷ್ಯ, ಕೈಕೆಳಗಿನವರನ್ನು ಕಾಪಾಡುವವರು. ನಾನು ಹೇಳಿದ್ದನ್ನು ಪೂರ್ತಿ ಕೇಳಿ, ತಕ್ಷಣ ಕೋಠಿಗೆ ಫೋನು ಮಾಡಿಸಿದರು. ಕೋಠಿಯಲ್ಲೂ ಚಿಟ್ಟೆಗಳನ್ನು ಪರೀಕ್ಷೆ ಮಾಡುತ್ತಾರೆ, ಆದರೆ ಆಗ ಪ್ರತಿಯೊಂದನ್ನೂ ನೋಡುತ್ತಿರಲಿಲ್ಲ. ಅಲ್ಲಿ ತಪ್ಪಿಸಿಕೊಂಡದ್ದು ನೂರು ಮನೆಗೆ ಹೋಗುತ್ತಿತ್ತು. ಚಿಟ್ಟೆ ಹೊರಬರಲು ಇನ್ನೂ ಕೆಲವು ದಿನ ಇತ್ತು. ಆ ಗೂಡನ್ನು ಬೇರೆ ಇಟ್ಟು, ನೋಡಿ, ನಾಶ ಮಾಡುವುದೆಂದಾಯಿತು.

“ಅಲ್ಲಿಗೆ ಮುಗೀತು ಬಿಡಿ ಇನ್ನಾಸಪ್ಪ” ಎಂದರು ಸಾಹೇಬರು. “ಆಗೋ ಅನಾಹುತ ತಪ್ತು. ನಂಜೇಗೌಡನಿಗೆ ಕೋಠಿಯವರೇ ಹೇಳ್ತಾರೆ, ಅಲ್ಲಿ ರೋಗ ಸಿಕ್ತು ಅಂತ. ಆ ಹೆಂಗಸಿಗೆ ಹೇಳಿ ಏನು ಪ್ರಯೋಜನ? ಸುಟ್ಟ ಹುಳು ವಾಪಸ್ ಬರುತ್ತಾ? ಸುಮ್ಮನೆ ನಿಮ್ಮ ಕೆಲಸಕ್ಕೇ ಕುತ್ತು.”

ನನಗೆ ಆ ಮಾತು ಬೇಕಾಗಿತ್ತು. ಸಮಾಧಾನವೂ ಆಯಿತು. ಆ ಭಾನುವಾರ ಊರಿಗೆ ಹೋಗಿ, ಚರ್ಚಿನಲ್ಲಿ ಪೂಜೆ ಮುಗಿಸಿ ಮನೆಗೆ ಬಂದು, ಅವರೆಕಾಯಿ ಸುಲಿಯುತ್ತಿದ್ದ ಅವ್ವನ ಮುಂದೆ ಕೂತು ನಡೆದದ್ದನ್ನು ಹೇಳಿದೆ. ದೊಡ್ಡ ಅನಾಹುತ ತಪ್ಪಿಸಿದೆ ಎನ್ನುವ ಧಾಟಿಯಲ್ಲೇ ಹೇಳಿದೆ.

ಅವ್ವ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. “ಆ ಗಂಗಮ್ಮ ಈಗ ಎಂಗವ್ಳೆ?” ಎಂದಳು.

“ಗೊತ್ತಿಲ್ಲ.”

“ರೋಗದ ಮನೆ ಅಂತ ಹೆಸ್ರು ಬಂದಿರ್ತದಲ್ಲ, ಆ ಬೀದೀಲಿ ಅವ್ಳಿಗೆ ಯಾರ್ಲಾ ತಟ್ಟೆ ಕೊಟ್ಟಾರು? ಅವ್ಳ ಸೊಪ್ಪ ಯಾರು ಮುಟ್ಟಾರು?”

ನಾನು ಅದನ್ನು ಯೋಚನೆಯೇ ಮಾಡಿರಲಿಲ್ಲ.

“ನಿಮ್ ಸಾಹೇಬ್ರು ಅಂದದ್ದು ಸರಿ, ಹುಳ ವಾಪಸ್ ಬರಕಿಲ್ಲ. ಅವ್ಳ ಹೆಸ್ರು ಬತ್ತದಲ್ಲ ಮಗ. ಅದು ನಿನ್ ಕೈಯಲ್ಲೇ ಐತೆ, ನೀನು ಕೊಟ್ಟಿಲ್ಲ.” ಆಮೇಲೆ ಮೊರ ಪಕ್ಕಕ್ಕಿಟ್ಟು ನನ್ನ ಮುಖ ನೋಡಿದಳು. “ನೀನು ಕೆಟ್ಟವ್ನಲ್ಲ ಕಣೋ ಇನ್ನಾಸಿ. ನಂಗೊತ್ತು. ಆದ್ರೆ ಒಳ್ಳೇವ್ನಾಗಕ್ಕೆ ಅಷ್ಟು ಸಾಲ್ದು. ಎದ್ದು ಹೋಗ್ಬೇಕು.”

ಅವತ್ತೇ ಮಾಗಡಿಗೆ ಬಂದು, ಸೋಮವಾರ ಬೆಳಕು ಹರಿಯುವ ಮುಂಚೆ ಮೊದಲ ಬಸ್ಸಿಗೆ ಹೊರಟೆ. ಗಂಗಮ್ಮ ಹಸು ಹಿಂಡಿ ಕ್ಯಾನು ಹಿಡಿದುಕೊಂಡು ಡೇರಿಗೆ ಹಾಲು ಹಾಕಲು ಹೊರಟಿದ್ದಳು. ಬಾಗಿಲಲ್ಲೇ ತಡೆದು ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ಪೊಟ್ಟಣ ಅದಲುಬದಲಾದದ್ದು, ಅವಳು ಕೇಳಿದಾಗ ಮತ್ತೆ ನೋಡದೆ ಹೋದದ್ದು, ಎಲ್ಲ. ಮಾತು ಮುಗಿಸಿ ಕೈ ಮುಗಿದೆ.

ಅವಳು ಕ್ಯಾನು ಕೆಳಗಿಟ್ಟಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತೇನೋ.

“ನನ್ ಮಗಳು ಆವತ್ತಿಂದ ಬೀದಿ ನಲ್ಲಿಗೆ ಹೋಗಿಲ್ಲ. ಎಲ್ರೂ ನೋಡ್ತಾರೆ ಅಂತ” ಎಂದಳು. “ನಂಗೆ ಹೇಳಿದ್ದು ಆಯ್ತು. ಇದನ್ನೇ ಡೇರಿ ತಾವ ಬಂದು ನಾಕ್ ಜನದ್ ಮುಂದೆ ಹೇಳ್ತೀರಾ?”

“ಹೇಳ್ತೀನಮ್ಮ.”

“ಈಗ್ಲೇ?”

“ಈಗಲೇ.”

ಹಾಲಿನ ಡೇರಿಯ ಮುಂದೆ ಊರಿನ ಮುಕ್ಕಾಲು ಪಾಲು ಜನ ಸಾಲುಗಟ್ಟಿ ನಿಂತಿದ್ದರು. ಸಾಲಿನ ಮುಂದೆ ಹೋಗಿ ನಿಂತೆ. ಗಟ್ಟಿಯಾಗಿಯೇ ಹೇಳಿದೆ: ಗಂಗಮ್ಮನ ಮನೆಯಲ್ಲಿ ರೋಗ ಇರಲಿಲ್ಲ, ತಪ್ಪು ನನ್ನದು, ರೋಗ ಇದ್ದದ್ದು ನಂಜೇಗೌಡರ ಹುಳುವಿನಲ್ಲಿ, ಅವರ ಗೂಡನ್ನು ಕೋಠಿಯಲ್ಲಿ ನಾಶ ಮಾಡುತ್ತಾರೆ. ಹೇಳಿ ಮುಗಿಸಿದಾಗ ಎದೆಯ ಮೇಲಿನ ಭಾರ ಇಳಿದಂತಾಯಿತು. ಒಂದು ಕ್ಷಣ ನನ್ನ ಬಗ್ಗೆ ನನಗೇ ಮೆಚ್ಚುಗೆ ಬಂತು.

ಸಾಲಿನ ನಡುವೆ ನಂಜೇಗೌಡರು ನಿಂತಿದ್ದರು. ನಾನು ನೋಡಿರಲಿಲ್ಲ.

ಅವರು ಕ್ಯಾನು ನೆಲದ ಮೇಲಿಟ್ಟು ನನ್ನ ಹತ್ತಿರ ಬಂದರು. ಕೂಗಾಡಲಿಲ್ಲ. “ಮೊನ್ನೆ ನಮ್ಮನೇಗೆ ಬಂದು ಹುಳ ಈಸ್ಕಂಡು ಹೋದ್ರಲ್ಲ, ಇದುಕ್ಕೇನಾ?”

“ಹೌದು ಗೌಡ್ರೇ.”

“ನಂಗೆ ಮೊದ್ಲು ಹೇಳ್ಬೋದಿತ್ತು. ನಮ್ಮನೇಗೆ ಬಂದು ಒಂದ್ ಮಾತು. ಈ ಜನದ್ ಮುಂದೆ ಕೇಳ್ಬೇಕಿತ್ತಾ ನಾನು?” ಅವರು ಕ್ಯಾನಿನ ಕಡೆ ತಿರುಗಿದರು. “ನೀವು ಒಳ್ಳೇವ್ರಾದ್ರಿ ಬುಡಿ.”

ಕ್ಯಾನು ಎತ್ತಿಕೊಂಡು, ಹಾಲು ಹಾಕದೆ ಮನೆಗೆ ಹೋದರು.

ಇದನ್ನು ಓದುವವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು ಎಂದು ನನ್ನ ಆಸೆ. ಒಬ್ಬಳಿಗೆ ನಾನು ಮಾಡಿದ್ದ ಅದೇ ಅನ್ಯಾಯವನ್ನು, ಅದನ್ನು ಸರಿಮಾಡುವ ಅವಸರದಲ್ಲಿ, ಇನ್ನೊಬ್ಬನಿಗೆ ಮಾಡಿದ್ದೆ. ನಂಜೇಗೌಡರ ಹುಳುವಿಗೆ ರೋಗ ಬಂದದ್ದು ಅವರ ತಪ್ಪಲ್ಲ. ಗೂಡು ನಾಶವಾಗಲೇಬೇಕಿತ್ತು, ಅದೂ ನಿಜ. ಆದರೆ ಅವರ ಮನೆ ಡೇರಿಯಿಂದ ನೂರು ಹೆಜ್ಜೆ. ಆ ನೂರು ಹೆಜ್ಜೆ ನಡೆಯಲು ನನಗೆ ತೋಚಲಿಲ್ಲ. ಆಗ ನನ್ನ ತಲೆಯಲ್ಲಿ ಗಂಗಮ್ಮನೂ ಇರಲಿಲ್ಲ, ನಂಜೇಗೌಡರೂ ಇರಲಿಲ್ಲ; ನನ್ನ ಭಾರ ಇಳಿಸಿಕೊಳ್ಳುವುದೊಂದೇ ಇತ್ತು. ಸಂಜೆ ಅವರ ಮನೆಗೆ ಹೋದೆ. ಬಾಗಿಲು ತೆರೆಯಲಿಲ್ಲ. ಆಮೇಲೂ ಎಷ್ಟೋ ಸಾರಿ ಹೋದೆ.

ಇಲಾಖೆಯಿಂದ ನನಗೆ ಬಂದದ್ದು ಎಚ್ಚರಿಕೆಯ ಪತ್ರ ಮಾತ್ರ. ಸಾಹೇಬರು ಅಷ್ಟಕ್ಕೇ ನಿಲ್ಲಿಸಿದರು. ಗಂಗಮ್ಮನ ಬೆಳೆಗೆ ಪರಿಹಾರ ಕೊಡುವ ದಾರಿ ಇರಲಿಲ್ಲ. ಹಾಗಾಗಿ ಅವಳ ಮುಂದಿನ ಬೆಳೆಗೆ ನಾನೇ ಹೋದೆ. ದಿನಾ ಬೆಳಿಗ್ಗೆ ಡ್ಯೂಟಿಗೆ ಮುಂಚೆ ಸೊಪ್ಪು ಕೊಯ್ದು ತರುವುದು, ಕಸ ತೆಗೆಯುವುದು, ತಟ್ಟೆ ತೊಳೆಯುವುದು. ಹುಳು ಹಣ್ಣಾಗುವವರೆಗೂ ತಪ್ಪಿಸಲಿಲ್ಲ. ಯಾರೋ ಕೇಳಿದ್ದಕ್ಕೆ ಗಂಗಮ್ಮ, “ಮೇಷ್ಟ್ರು ಹುಳ ಸಾಕೋದು ಕಲೀತಾವ್ರೆ” ಎಂದಿದ್ದಳಂತೆ. ಅದು ನಿಜವೇ ಆಗಿತ್ತು. ತರಬೇತಿಯಲ್ಲಿ ನಾನು ಓದಿದ್ದೆ. ನಾಲ್ಕು ಹೊತ್ತು ಸೊಪ್ಪು ಹಾಕಿದವನಲ್ಲ. ಹುಳುವಿಗೆ ಹಬ್ಬ ಇಲ್ಲ, ಜ್ವರ ಬಂದ ಹೆಂಗಸಿಗೆ ರಜೆ ಇಲ್ಲ. ಒಂದು ಹೊತ್ತು ತಪ್ಪಿದರೆ ಹುಳು ಅದನ್ನು ಮರೆಯುವುದಿಲ್ಲ. ಒಳ್ಳೆಯತನವೂ ದಿನಾ ಮಾಡುವ ಕೆಲಸ ಎಂದು ಅವ್ವ ಹೇಳುತ್ತಿದ್ದದ್ದು ಆ ಮನೆಯಲ್ಲಿ ಕಸ ತೆಗೆಯುತ್ತ ನನಗೆ ಅರ್ಥವಾಯಿತು.

ಅವತ್ತಿನಿಂದ ಸಂಜೆಯ ಪ್ರಶ್ನೆಯನ್ನು ಮತ್ತೆ ಹಿಡಿದೆ. ಜಪ ಮುಗಿದ ಮೇಲೆ ಆ ದಿನ ಹೋಗಿದ್ದ ಮನೆಗಳನ್ನು ಒಂದೊಂದಾಗಿ ನೆನೆಯುತ್ತಿದ್ದೆ. ಯಾರ ಮಾತು ಅರ್ಧಕ್ಕೇ ತಡೆದೆ? ಯಾರನ್ನು ಬೇರೆಯವರ ಎದುರು ತಿದ್ದಿದೆ? ಉತ್ತರ ಸಿಗದ ದಿನ ಬಹಳ ಕಡಿಮೆ. ಸಿಕ್ಕಿದ್ದಕ್ಕೆ ಮರುದಿನವೇ ಏನಾದರೂ ಮಾಡುತ್ತಿದ್ದೆ. ದೊಡ್ಡದೇನಲ್ಲ. ವಾಪಸು ಹೋಗಿ ಒಂದು ಮಾತು, ಅಷ್ಟೇ.

ಮುಂದೆ ನನಗೆ ಚನ್ನಪಟ್ಟಣ ಕಡೆಗೆ, ಅಕ್ಕೂರಿನ ಸುತ್ತಲ ಹಳ್ಳಿಗಳಿಗೆ ಕೆಲಸ ಬಿತ್ತು. ಅಲ್ಲೊಂದು ಮನೆಯಲ್ಲಿ ಹುಳುವೆಲ್ಲ ಸಪ್ಪೆ ರೋಗದಿಂದ ಕಪ್ಪಗಾಗಿ ಸತ್ತಿದ್ದವು. ಬಾಡಿದ, ಬಿಸಿಯೇರಿದ ಸೊಪ್ಪು ತಿಂದರೆ ಹಾಗಾಗುತ್ತದೆ. ಅತ್ತೆ ನಡುಮನೆಯಲ್ಲಿ ನಿಂತು, “ಯಾರ್ ತಪ್ಪು ಅಂತ ಹೇಳ್ಬುಡಿ ಸಾರ್, ಇವತ್ತು ಗೊತ್ತಾಗ್ಬೇಕು” ಎಂದು ಪಟ್ಟುಹಿಡಿದಳು. ಗೋಡೆಗೆ ಒರಗಿ ನಿಂತಿದ್ದ ಸೊಸೆ ನೆಲ ನೋಡುತ್ತಿದ್ದಳು. ಹಳೆಯ ಇನ್ನಾಸಪ್ಪನಾಗಿದ್ದರೆ ಸೊಪ್ಪು ಬಾಡದಂತೆ ನೀರು ಚಿಮುಕಿಸುವವರು ಯಾರು ಎಂದು ಅಲ್ಲೇ ಕೇಳುತ್ತಿದ್ದ. ನಾನು ಸೊಪ್ಪು ಇಡುವ ಜಾಗಕ್ಕೆ ಹೋಗಿ ನೋಡಿದೆ. ಒಲೆಯ ಗೋಡೆಗೆ ಅಂಟಿಕೊಂಡಿತ್ತು. “ಇಲ್ಲಿಟ್ಟರೆ ಯಾರು ನೋಡಿಕೊಂಡರೂ ಸೊಪ್ಪು ಬಿಸಿಯಾಗುತ್ತಮ್ಮ. ಮೊದಲು ಜಾಗ ಬದಲಾಯಿಸಿ” ಎಂದು, ಆಕೆಯ ಮಗನನ್ನು ಕರೆದು ಆ ಕಡೆ ತಂಪಾದ ಮೂಲೆಯಲ್ಲಿ ಜಾಗ ಮಾಡಿಸಿದೆ. ಅದು ಸುಳ್ಳಲ್ಲ, ನಿಜವಾದ ಕಾರಣವೇ.

ಎರಡು ದಿನ ಬಿಟ್ಟು ಆ ಸೊಸೆ ತೋಟದ ಹಾದಿಯಲ್ಲಿ ಸಿಕ್ಕಿ, “ನೀರು ಹಾಕೋದ ನಾನೇ ಮರ್ತಿದ್ದೆ ಸಾರ್” ಎಂದಳು.

“ಗೊತ್ತಿತ್ತಮ್ಮ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನೀನೇ ಹೇಳ್ತೀಯ ಅಂತ ಗೊತ್ತಿತ್ತು” ಎಂದೆ. ಗೊತ್ತಿರಲಿಲ್ಲ, ಹಾರೈಸಿದ್ದೆ. ಸಂಜೆ ಅವಳು ಅತ್ತೆಗೂ ಹೇಳಿದಳಂತೆ. ಎರಡು ದಿನ ಮನೆಯಲ್ಲಿ ಮಾತಿರಲಿಲ್ಲ, ಆಮೇಲೆ ಸರಿಹೋಯಿತು.

ನಾನು ಅಕ್ಕೂರಿನಲ್ಲಿದ್ದಾಗಲೇ ಒಂದು ದಿನ ಬೆಳಿಗ್ಗೆ ಕಚೇರಿಯ ಬಾಗಿಲಲ್ಲಿ ನಂಜೇಗೌಡರು ಬಂದು ನಿಂತರು. ಡೇರಿಯ ಮುಂದೆ ನಡೆದದ್ದಕ್ಕೆ ಹತ್ತಿರ ಹತ್ತಿರ ಹತ್ತು ವರ್ಷವಾಗಿತ್ತು. ತಲೆ ಪೂರ್ತಿ ನೆರೆತಿತ್ತು. ಮಾಗಡಿಯಿಂದ ರಾಮನಗರ, ಅಲ್ಲಿಂದ ಚನ್ನಪಟ್ಟಣ, ಅಲ್ಲಿಂದ ಇಲ್ಲಿಗೆ ಮೂರು ಬಸ್ಸು ಬದಲಾಯಿಸಿ ಬಂದಿದ್ದರು. ಕೈಯಲ್ಲಿ ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಿದ ತಗಡಿನ ಡಬ್ಬಿ. ಕುರ್ಚಿ ತೋರಿಸಿದೆ, ಕೂರಲಿಲ್ಲ.

“ನಿಮ್ ಮ್ಯಾಲೆ ನಂಗೆ ಸಿಟ್ಟು ಹೋಗಿಲ್ಲ” ಎಂದರು.

“ಗೊತ್ತು ಗೌಡ್ರೇ.”

“ಸತ್ತಿರೋ ಹುಳ ಇವು. ನಮ್ಮನೇವೇ. ಅಲ್ಲಿರೋ ಹೊಸ ಇನ್ಸ್‌ಪೆಕ್ಟ್ರು ಏನೂ ಆಗಿಲ್ಲ ಅಂದ. ಅವನು ನೋಡ್ದಂಗೇ ಕಾಣ್ಲಿಲ್ಲ ನಂಗೆ. ನೀವು ನೋಡಿ, ಇದ್ದುದ್ದು ಇದ್ದಂಗೆ ಹೇಳಿ. ನೀವು ಹೇಳ್ತೀರ ಅಂತ ಬಂದೆ.”

ಅರೆದು, ಸವರಿ, ನೋಡಿದೆ. ಬೇರೆ ಹುಳು ತೆಗೆದು ಮತ್ತೆ ನೋಡಿದೆ. ಅವರು ಕಿಟಕಿಯ ಪಕ್ಕ ನಿಂತೇ ಇದ್ದರು. ಗಂಟುರೋಗವೇ. ತಲೆಯೆತ್ತಿ ಅವರ ಮುಖ ನೋಡಿದೆ. ಹೇಳುವ ಮೊದಲೇ ಅವರಿಗೆ ತಿಳಿಯಿತು.

“ಬಂದೈತಾ?”

“ಬಂದಿದೆ.”

“ಸರಿ” ಎಂದರು. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಅಷ್ಟೇ.

ಡಬ್ಬಿಯನ್ನು ಹಿತ್ತಲಲ್ಲಿ ಸುಟ್ಟು, ಕೈ ತೊಳೆದು, ನಾನೂ ಅವರ ಜೊತೆ ಹೊರಟೆ. ಅದು ನನ್ನ ವ್ಯಾಪ್ತಿಯ ಊರಲ್ಲ; ಅಲ್ಲಿನ ಕಚೇರಿಗೆ ಫೋನು ಮಾಡಿ ತಿಳಿಸಿದೆ, ರಜೆ ಬರೆದುಕೊಟ್ಟೆ. ಮೂರು ಬಸ್ಸುಗಳಲ್ಲೂ ಒಂದೇ ಸೀಟಿನಲ್ಲಿ ಪಕ್ಕಪಕ್ಕ ಕೂತಿದ್ದೆವು. ರಾಮನಗರ ದಾಟಿದ ಮೇಲೆ ನಾನು ಅಂದೆ: “ಅವತ್ತು ಮೊದಲು ನಿಮ್ಮ ಮನೆಗೆ ಬರಬೇಕಿತ್ತು ಗೌಡ್ರೇ. ಬರಲಿಲ್ಲ. ಅದು ನನ್ನ ತಪ್ಪು.” ಈ ಮಾತು ಹೇಳಲು ನಾನು ವರ್ಷಗಟ್ಟಲೆ ಅವರ ಬಾಗಿಲು ತಟ್ಟಿದ್ದೆ. ಅವರು ಕಿಟಕಿಯ ಕಡೆ ನೋಡುತ್ತಲೇ ತಲೆಯಾಡಿಸಿದರು.

ಮಧ್ಯಾಹ್ನದ ಹೊತ್ತಿಗೆ ಊರು ಸೇರಿದೆವು. ಹುಳುವನ್ನು ಅವರೇ ಗುಂಡಿಗೆ ಹಾಕಿ ಬೆಂಕಿ ಕೊಟ್ಟರು. ಬೀದಿಯ ಉಳಿದ ಮನೆಗಳಿಗೆ ಸುದ್ದಿ ತಿಳಿಸಬೇಕಿತ್ತು. ಎಲ್ಲರೂ ಒಂದೇ ಕಡೆಯಿಂದ ಮೊಟ್ಟೆ ತಂದಿದ್ದರು, ಎಲ್ಲರೂ ಪರೀಕ್ಷೆ ಮಾಡಿಸಬೇಕು. “ನಾನು ಹೇಳಿ ಬರ್ತೀನಿ ಗೌಡ್ರೇ, ನೀವು ಕೂತ್ಕೊಳ್ಳಿ” ಎಂದೆ.

“ನೀವು ಬ್ಯಾಡ” ಎಂದರು. “ನಮ್ಮನೇದ ನಾನೇ ಹೇಳ್ತೀನಿ.”

ಬೇವಿನ ಮರದ ನೆರಳಲ್ಲಿ ನಿಂತು ನೋಡಿದೆ. ಅವರು ಟವೆಲನ್ನು ಹೆಗಲಿಗೆ ಹಾಕಿಕೊಂಡು ಪಕ್ಕದ ಮನೆಯ ಬಾಗಿಲಿಗೆ ಹೋದರು. ಗಂಗಮ್ಮ ಹೊರಬಂದಳು.

“ಗಂಗವ್ವ, ನಮ್ಮನೇಲಿ ಗಂಟುರೋಗ ಬಂದೈತೆ. ಸುಟ್ಟುಬುಟ್ಟೆ. ನಿಮ್ ತಟ್ಟೆನೂ ಒಸಿ ನೋಡುಸ್ಕಳಿ.”

ಗಂಗಮ್ಮ ಸೀರೆಯ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

“ಬಿಸ್ಲಲ್ಲಿ ನಿಂತ್ಕಂಡೇ ಹೇಳ್ತೀಯಲ್ಲಣ್ಣ. ಒಳೀಕ್ ಬಾ. ಕೂತ್ಕೊ.”

ಅವರು ಚಪ್ಪಲಿ ಬಿಟ್ಟು ಒಳಗೆ ಹೋದರು. ನಾನು ಬಸ್ಸಿನ ಕಡೆಗೆ ನಡೆದೆ.